ವಿಭಕ್ತಿಪ್ರತ್ಯಯವೂ ಇಂಗ್ಲಿಷ್ ಉಪಸರ್ಗವೂ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಇತಿಹಾಸಬರಹದಲ್ಲಿ ಒಂದು ಸಮಸ್ಯೆ

1. ಪೀಠಿಕೆ

ತುಮಕೂರು ಜಿಲ್ಲೆಯ ಉತ್ತರಾರ್ಧದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ವಿದ್ಯಾ ಇಲಾಖೆಯ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಒಂದೇ ಘಟಕಕ್ಕೆ ಸೇರಿವೆ. ಇತಿಹಾಸದ ದೃಷ್ಟಿಯಿಂದಲೂ ಇವು ಒಂದರೊಡನೊಂದು ಹೆಣೆದುಕೊಂಡಿರುವ ಸೀಮೆಗಳು. ನಿಡುಗಲ್ಲಿನ ಚೋಳರು, ಮದ್ದಗಿರಿಯ ನಾಡಪ್ರಭುಗಳು, ಬಿಜಾಪುರದ ಸರದಾರರು, ಮೊಗಲರ ಸುಬೇದಾರರು, ಮರಾಠರು, ಹೈದರ್ ಮತ್ತು ಟಿಪ್ಪು ಇವರೆಲ್ಲರ ಆಳ್ವಿಕೆಯ ಕುರುಹುಗಳು ಈ ಸೀಮೆಯ ಬೆಟ್ಟಗಳ ಮೇಲೆಯೂ ಕೆರೆಗಳ ಏರಿಯ ಮೇಲೆಯೂ ಉಳಿದುಬಂದಿವೆ.

ಈ ಚರಿತ್ರೆಗೆ ಆಧಾರವಾದ ಶಿಲಾಶಾಸನಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ಆದರೆ ಅದರ ಕ್ರಮಬದ್ಧವಾದ ನಿರೂಪಣೆ ಮೊದಲು ಇಂಗ್ಲಿಷಿನಲ್ಲಿ ಆಯಿತು. ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಇಂಡಿಯಾ ಚರಿತ್ರೆಯ ಮೂರು ಸಂಪುಟಗಳನ್ನು 1810 ರಿಂದ 1817 ರ ಒಳಗೆ ಪ್ರಕಟಿಸಿದನು. ಫ್ರಾನ್ಸಿಸ್ ಬುಕಾನನ್ 1800 ರಲ್ಲಿ ಕೈಕೊಂಡ ಪ್ರವಾಸದ ವೃತ್ತಾಂತ 1807 ರಲ್ಲಿ ಅಚ್ಚಾಯಿತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಹನ್ನೆರಡನೆಯ ಸಂಪುಟವನ್ನು ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಿಟ್ಟು 1904 ರಲ್ಲಿ ಹೊರತಂದರು. ಸಿ. ಹಯವದನರಾಯರ ಮೈಸೂರು ಗೆಜೆಟಿಯರ್ ಅದರ ತರುವಾಯ ಬಂದಿತು. ಹೀಗಾಗಿ ಈ ಸೀಮೆಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಯು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಮೇಲಿಂದಮೇಲೆ ಹೋಗಿಬರಬೇಕಾಗುತ್ತದೆ.

ಈ ಹೋಗಿಬರುವಿಕೆಯಲ್ಲಿ ದೊಡ್ಡ ಮಾತುಗಳು ಸಾಮಾನ್ಯವಾಗಿ ಕೆಡುವುದಿಲ್ಲ. ರಾಜರ ಹೆಸರು, ಊರಿನ ಹೆಸರು, ತೇದಿ ಇವುಗಳನ್ನು ಎಲ್ಲರೂ ಎಚ್ಚರಿಕೆಯಿಂದ ಬರೆಯುತ್ತಾರೆ. ಕೆಡುವುದು ಸಣ್ಣ ಮಾತುಗಳು: ‘ಇನ್’, ‘ಅಟ್’, ‘ಆನ್’, ‘ಬೈ’, ‘ಫ್ರಂ’, ‘ವಿತ್’, ‘ಟು’, ‘ಫಾರ್’, ‘ಆಫ್’, ‘ಅಂಡರ್’ ಮೊದಲಾದವು. ಇವುಗಳನ್ನು ನಮ್ಮ ಪಾಠಪುಸ್ತಕಗಳು ಉಪಸರ್ಗಗಳೆಂದು ಕರೆಯುತ್ತವೆ. ಸಂಸ್ಕೃತದ ಪ್ರ, ಪರಾ, ಅಪ ಮೊದಲಾದ ಉಪಸರ್ಗಗಳಿಗೂ ಇವಕ್ಕೂ ಸಂಬಂಧವಿಲ್ಲ. ರೂಢಿಯನ್ನನುಸರಿಸಿ ನಾವೂ ಅದೇ ಹೆಸರನ್ನು ಬಳಸುತ್ತೇವೆ.

ಈ ಪದಗಳ ಆಯ್ಕೆಯಲ್ಲಾಗುವ ತಪ್ಪನ್ನು ವ್ಯಾಕರಣದ ತಪ್ಪೆಂದು ಎಣಿಸಿ ಇತಿಹಾಸದ ಅಧ್ಯಾಪಕರು ಕಡೆಗಣಿಸುವುದುಂಟು. ಅದು ಬರಿಯ ವ್ಯಾಕರಣದ ತಪ್ಪಲ್ಲ ಎಂಬುದೇ ಈ ಲೇಖನದ ವಾದ. ಕನ್ನಡದ ಒಂದು ವಿಭಕ್ತಿಪ್ರತ್ಯಯವು ಎರಡು ಮೂರು ಅರ್ಥಗಳನ್ನು ಒಟ್ಟಿಗೆ ಇರಗೊಡುತ್ತದೆ. ಇಂಗ್ಲಿಷಿನ ಉಪಸರ್ಗವು ಅವುಗಳಲ್ಲಿ ಒಂದನ್ನು ಆರಿಸಬೇಕೆಂದು ಒತ್ತಾಯಮಾಡುತ್ತದೆ. ಆ ಆಯ್ಕೆಯನ್ನು ಮಾಡಿದೊಡನೆಯೇ ನಾವು ಒಂದು ಐತಿಹಾಸಿಕ ನಿರ್ಣಯವನ್ನು ಕೊಟ್ಟಂತಾಗುತ್ತದೆ. ಯಾರು ಗೆದ್ದರು, ಯಾರು ಕಳೆದುಕೊಂಡರು, ದಾನ ಯಾರಿಗೆ ಸಂದಿತು, ಯಾರ ಅಧೀನದಲ್ಲಿ ಯಾರಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಆ ಪುಟ್ಟ ಪದದಲ್ಲಿರುತ್ತದೆ.

2. ಒಂದು ಪ್ರತ್ಯಯಕ್ಕೆ ಒಂದು ಪದವೆಂಬ ಭಾವನೆ ಹುಟ್ಟಿದ ಬಗೆ

ಪಾಶ್ಚಾತ್ಯರು ಕನ್ನಡವನ್ನು ಕಲಿಯಲು ವ್ಯಾಕರಣಗಳನ್ನು ರಚಿಸಿಕೊಂಡ ಕಾಲದಲ್ಲಿ ವಿಭಕ್ತಿಗಳಿಗೂ ಉಪಸರ್ಗಗಳಿಗೂ ಗಂಟುಬಿದ್ದಿತು. ವಿಲಿಯಂ ಕೇರಿಯ ವ್ಯಾಕರಣ 1817 ರಲ್ಲಿ ಸೆರಾಂಪುರದಲ್ಲಿಯೂ, ಮೆಕೆರೆಲನ ವ್ಯಾಕರಣ 1820 ರಲ್ಲಿ ಮದರಾಸಿನಲ್ಲಿಯೂ ಅಚ್ಚಾದವು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಕೆಲಸಮಾಡಿದ ವೆಸ್ಲಿಯನ್ ಪಾದ್ರಿ ಥಾಮಸ್ ಹಾಡ್ಸನ್ 1859 ರಲ್ಲಿ ಬೆಂಗಳೂರಿನಿಂದ ಒಂದು ಪ್ರಾಥಮಿಕ ವ್ಯಾಕರಣವನ್ನು ಪ್ರಕಟಿಸಿದನು. ಕಿಟ್ಟೆಲರ ದೊಡ್ಡ ವ್ಯಾಕರಣ 1903 ರಲ್ಲಿ ಹೊರಬಂದಿತು. ಇಂಥ ವ್ಯಾಕರಣಗಳಲ್ಲಿ ವಿಭಕ್ತಿಗಳನ್ನು ವಿವರಿಸುವ ಸುಲಭವಾದ ಮಾರ್ಗವೆಂದರೆ ಪ್ರತಿಯೊಂದರ ಎದುರಿಗೆ ಒಂದು ಇಂಗ್ಲಿಷ್ ಉಪಸರ್ಗವನ್ನಿಡುವುದು: ತೃತೀಯೆಗೆ ‘ಬೈ’, ಚತುರ್ಥಿಗೆ ‘ಟು’, ಪಂಚಮಿಗೆ ‘ಫ್ರಂ’, ಷಷ್ಠಿಗೆ ‘ಆಫ್’, ಸಪ್ತಮಿಗೆ ‘ಇನ್’.

ಕನ್ನಡವನ್ನು ಹೊಸದಾಗಿ ಕಲಿಯುವ ಪರದೇಶೀಯನಿಗೆ ಇದು ಊರುಗೋಲು. ಆದರೆ ಇದೇ ಕೋಷ್ಟಕವು ತಲೆಕೆಳಗಾಗಿ ಕನ್ನಡಿಗನು ಇಂಗ್ಲಿಷನ್ನು ಕಲಿಯುವ ಸಾಧನವಾಗಿ ಪರಿಣಮಿಸಿದಾಗ ತೊಡಕು ಪ್ರಾರಂಭವಾಗುತ್ತದೆ. ‘ಇಂದ’ ಎಂದರೆ ‘ಬೈ’, ‘ಗೆ’ ಎಂದರೆ ‘ಟು’, ‘ಅಲ್ಲಿ’ ಎಂದರೆ ‘ಇನ್’ ಎಂದು ಬಾಯಿಪಾಠ ಮಾಡಿದ ಹುಡುಗನು ಕಾಲೇಜಿಗೆ ಬಂದ ಮೇಲೂ ಅದೇ ಕೋಷ್ಟಕದಿಂದಲೇ ಬರೆಯುತ್ತಾನೆ.

ನಮ್ಮ ವೈಯಾಕರಣರಿಗೆ ಈ ವಿಷಯದ ಸೂಕ್ಷ್ಮ ತಿಳಿಯದೆ ಇರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತೃತೀಯೆಗೆ ‘ಇಂ’ ಎಂಬುದನ್ನೂ ಪಂಚಮಿಗೆ ‘ಅತ್ತಣಿಂ’ ಎಂಬುದನ್ನೂ ಬೇರೆಬೇರೆಯಾಗಿ ಹೇಳುತ್ತಾನೆ. ಹೊಸಗನ್ನಡದ ಶಾಲಾವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂಬ ರೂಪವನ್ನು ಕಲಿಸುತ್ತೇವೆಯಾದರೂ ಬಳಕೆಯ ಮಾತಿನಲ್ಲಿ ಎರಡಕ್ಕೂ ‘ಇಂದ’ ಒಂದೇ ಸಾಕಾಗಿದೆ. ಮಾಡುವವನೂ, ಸಾಧನವೂ, ಬಿಟ್ಟುಬಂದ ಸ್ಥಳವೂ, ಕಾರಣವೂ ಒಂದೇ ಪ್ರತ್ಯಯದ ನೆರಳಿನಲ್ಲಿ ನಿಂತಿವೆ. ಆದುದರಿಂದ ನಾವು ಮೊದಲು ‘ಇಂದ’ ಪ್ರತ್ಯಯವನ್ನೇ ಪರಿಶೀಲಿಸುವುದು ಯುಕ್ತ.

3. ‘ಇಂದ’: ‘ಬೈ’ ಮತ್ತು ‘ಫ್ರಂ’

ಕ್ರಿ. ಶ. 1763 ರಲ್ಲಿ ಹೈದರ್ ಅಲಿಯು ಬಿದನೂರನ್ನು ಹಿಡಿದು, ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಮದ್ದಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. 1767 ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಆ ಕೋಟೆಯನ್ನು ವಶಪಡಿಸಿಕೊಂಡಾಗ ಅವರಿಗೆ ಬಿಡುಗಡೆಯಾಯಿತು. ಇದನ್ನು ಕನ್ನಡದಲ್ಲಿ ‘ರಾಣಿಗೆ ಮರಾಠರಿಂದ ಬಿಡುಗಡೆಯಾಯಿತು’ ಎಂದು ಬರೆಯಬಹುದು. ‘ರಾಣಿಗೆ ಹೈದರನಿಂದ ಬಿಡುಗಡೆಯಾಯಿತು’ ಎಂದೂ ಬರೆಯಬಹುದು. ಎರಡೂ ಶುದ್ಧ ಕನ್ನಡ. ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ. ಮೊದಲನೆಯದರಲ್ಲಿ ‘ಇಂದ’ ಬಿಡಿಸಿದವರನ್ನು ಸೂಚಿಸುತ್ತದೆ, ಎರಡನೆಯದರಲ್ಲಿ ಯಾರ ಸೆರೆಯಿಂದ ಬಿಡುಗಡೆ ಎಂಬುದನ್ನು ಸೂಚಿಸುತ್ತದೆ. ಕಥೆಯನ್ನು ಬಲ್ಲ ಓದುಗನಿಗೆ ಸಂಶಯ ಬಾರದು.

ಇಂಗ್ಲಿಷಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಮರಾಠರ ಹೆಸರಿನ ಹಿಂದೆ ‘ಬೈ’ ಬರಬೇಕು, ಹೈದರನ ಹೆಸರಿನ ಹಿಂದೆ ‘ಫ್ರಂ’ ಬರಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಮರಾಠರು ಸೆರೆಮನೆಯ ಒಡೆಯರಾಗಿ, ಹೈದರನು ದಯೆತೋರಿ ರಾಣಿಯನ್ನು ಬಿಟ್ಟವನಾಗಿ ಕಾಣುತ್ತಾನೆ. ತೇದಿ ಸರಿಯಾಗಿದೆ, ಹೆಸರುಗಳು ಸರಿಯಾಗಿವೆ, ಸ್ಥಳವೂ ಸರಿಯಾಗಿದೆ. ಆದರೂ ಚರಿತ್ರೆ ಪೂರ್ತಿ ತಿರುಗುಮುರುಗಾಗಿದೆ. ಇಂಥ ವಾಕ್ಯಕ್ಕೆ ಅರ್ಧ ಅಂಕ ಕಳೆದು ಮುಂದೆ ಹೋಗುವುದು ನ್ಯಾಯವೇ ಎಂಬುದನ್ನು ಅಧ್ಯಾಪಕರು ಯೋಚಿಸಬೇಕು.

ಶಿರಾದ ಚರಿತ್ರೆಯಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. 1757 ರಲ್ಲಿ ಮರಾಠರು ಮೊಗಲರಿಂದ ಶಿರಾವನ್ನು ಕಿತ್ತುಕೊಂಡರು. 1761 ರಲ್ಲಿ ಅದು ಹೈದರನ ಕೈಸೇರಿತು. 1766 ರಲ್ಲಿ ಮರಳಿ ಮರಾಠರ ಪಾಲಾಯಿತು. 1774 ರಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು. ಇಪ್ಪತ್ತು ವರ್ಷಗಳೊಳಗೆ ಒಂದೇ ಊರು ಇಷ್ಟು ಸಲ ಕೈಬದಲಾಯಿಸಿದಾಗ ಪ್ರತಿಯೊಂದು ವಾಕ್ಯದಲ್ಲಿಯೂ ಪಡೆದವರಿಗೆ ‘ಬೈ’, ಕಳೆದುಕೊಂಡವರಿಗೆ ‘ಫ್ರಂ’ ಎಂಬ ನಿಯಮವನ್ನು ಪಾಲಿಸದಿದ್ದರೆ ಯಾವ ವರ್ಷದಲ್ಲಿ ಯಾರು ಆಳುತ್ತಿದ್ದರೆಂಬುದೇ ಅಳಿಸಿಹೋಗುತ್ತದೆ. ಟಿಪ್ಪುವು ಶ್ರೀರಂಗಪಟ್ಟಣದ ಬಳಿಯ ಶಹರ್ ಗಂಜಾಮನ್ನು ಬೆಳೆಸಲು 12,000 ಕುಟುಂಬಗಳನ್ನು ಶಿರಾದಿಂದ ಸಾಗಿಸಿದನೆಂದು ಗೆಜೆಟಿಯರ್ ತಿಳಿಸುತ್ತದೆ. ‘ಟಿಪ್ಪುವಿನಿಂದ ಶಿರಾದಿಂದ ಕುಟುಂಬಗಳು ಸಾಗಿಸಲ್ಪಟ್ಟವು’ ಎಂಬ ಕನ್ನಡ ವಾಕ್ಯದಲ್ಲಿ ಎರಡು ‘ಇಂದ’ಗಳು ಪಕ್ಕಪಕ್ಕದಲ್ಲಿ ಬರುತ್ತವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಬೈ’, ಎರಡನೆಯದು ‘ಫ್ರಂ’.

‘ಬೈ’ ಪದಕ್ಕೆ ಕಾಲವಾಚಕವಾದ ಇನ್ನೊಂದು ಪ್ರಯೋಗವಿದೆ. ಶಿರಾದ ಕೋಟೆಯನ್ನು ರತ್ನಗಿರಿಯ ರಂಗಪ್ಪನಾಯಕನು ಪ್ರಾರಂಭಿಸಿದನೆಂದೂ, ಅದು ಮುಗಿಯುವುದಕ್ಕೆ ಮುಂಚೆ 1638 ರಲ್ಲಿ ಬಿಜಾಪುರದ ರಣದುಲ್ಲಾಖಾನನು ಊರನ್ನು ಹಿಡಿದನೆಂದೂ, ಮಲಿಕ್ ಹುಸೇನನು ಅದನ್ನು ಪೂರೈಸಿದನೆಂದೂ ಪರಂಪರೆಯಿದೆ. ಇಲ್ಲಿ ವರ್ಷದ ಹಿಂದೆ ‘ಇನ್’ ಹಾಕಿದರೆ ಆ ವರ್ಷದಲ್ಲಿ ನಡೆದ ಘಟನೆ. ‘ಬೈ’ ಹಾಕಿದರೆ ಆ ವರ್ಷದ ಹೊತ್ತಿಗೆ ಮುಗಿದಿದ್ದ ಕೆಲಸ. ಶಿರಾ ಹಿಡಿಯಲ್ಪಟ್ಟುದು 1638 ರಲ್ಲಿ, ಆದುದರಿಂದ ‘ಇನ್’. ಕೋಟೆಯು 1638 ರ ಹೊತ್ತಿಗೆ ಪೂರ್ಣವಾಗಿತ್ತೆಂಬ ಅರ್ಥದಲ್ಲಿ ‘ಬೈ’ ಬರೆದರೆ ಪರಂಪರೆಗೆ ವಿರುದ್ಧವಾಗುತ್ತದೆ. ಕಟ್ಟಿದ ಸಾಮಗ್ರಿಯನ್ನು ಹೇಳುವಾಗ ಎರಡೂ ಸಲ್ಲವು: ‘ಕಲ್ಲಿನಿಂದ ಕಟ್ಟಿದ ಕೋಟೆ’ ಎಂಬಲ್ಲಿ ‘ಆಫ್’ ಬರಬೇಕೇ ಹೊರತು ‘ಬೈ’ ಬಂದರೆ ಕಲ್ಲೇ ಶಿಲ್ಪಿಯಾಗುತ್ತದೆ.

4. ‘ಗೆ’: ‘ಟು’ ಮತ್ತು ‘ಫಾರ್’

ದಾನಶಾಸನಗಳ ಅನುವಾದದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆಯುಳ್ಳ ಆಯ್ಕೆ ಇದು. ಇಂಗ್ಲಿಷಿನಲ್ಲಿ ‘ಟು’ ಎಂಬುದು ಪಡೆಯುವವನನ್ನು ತೋರಿಸುತ್ತದೆ. ‘ಫಾರ್’ ಎಂಬುದು ಉದ್ದೇಶವನ್ನೋ, ಯಾರ ಹಿತಕ್ಕಾಗಿ ಎಂಬುದನ್ನೋ, ಯಾವುದರ ಬದಲಿಗೆ ಎಂಬುದನ್ನೋ ತೋರಿಸುತ್ತದೆ. ಕನ್ನಡದ ಚತುರ್ಥಿಯು ಇವೆಲ್ಲವನ್ನೂ ಒಂದೇ ‘ಗೆ’ ಅಥವಾ ‘ಕ್ಕೆ’ಯಲ್ಲಿ ಅಡಗಿಸುತ್ತದೆ.

ದೇವಾಲಯಗಳಿಗೆ ಭೂಮಿಯನ್ನು ಬಿಟ್ಟ ಶಾಸನಗಳಲ್ಲಿ ದೇವರ ಹೆಸರಿಗೂ ‘ಗೆ’ ಬರುತ್ತದೆ, ಅಂಗಭೋಗ ರಂಗಭೋಗ ನೈವೇದ್ಯ ನಂದಾದೀವಿಗೆಗಳಿಗೂ ಅದೇ ಪ್ರತ್ಯಯ ಬರುತ್ತದೆ. ದಾನ ಪಡೆದವನು ದೇವರು, ಆದುದರಿಂದ ‘ಟು’. ದೀವಿಗೆ ಮತ್ತು ನೈವೇದ್ಯ ಉದ್ದೇಶಗಳು, ಆದುದರಿಂದ ‘ಫಾರ್’. ವಿಜಯನಗರ ಕಾಲದ ಶಾಸನಗಳಲ್ಲಿ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಭೂಮಿಯನ್ನು ಕೊಟ್ಟ ಒಕ್ಕಣೆ ಮತ್ತೆಮತ್ತೆ ಕಾಣುತ್ತದೆ. ಇಲ್ಲಿ ‘ತಂದೆಗೆ’ ಎಂಬುದನ್ನು ಕಂಡೊಡನೆ ‘ಟು’ ಎಂದು ಬರೆದರೆ ಕಾಲವಾದ ತಂದೆಯೇ ಭೂಮಿಯನ್ನು ಪಡೆದವನಾಗುತ್ತಾನೆ. ಸಲ್ಲಬೇಕಾದುದು ‘ಫಾರ್’: ತಂದೆಯ ಪುಣ್ಯಾರ್ಥವಾಗಿ, ದೇವರಿಗೆ ಅಥವಾ ಬ್ರಾಹ್ಮಣರಿಗೆ.

ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಮಳೆ ಕಡಮೆಯಾದ ಈ ನಾಲ್ಕು ತಾಲ್ಲೂಕುಗಳ ಬದುಕು ಕೆರೆಗಳನ್ನು ಅವಲಂಬಿಸಿತ್ತು. ಕೆರೆಯನ್ನು ಕಟ್ಟಿದವನಿಗೋ, ಅದರ ಏರಿಯನ್ನು ಕಾಪಾಡುವವನಿಗೋ ಕೊಟ್ಟ ಮಾನ್ಯವನ್ನು ಶಾಸನಗಳು ಕಟ್ಟುಕೊಡಗೆ, ಕೆರೆಗೊಡಗೆ ಎಂದು ಹೆಸರಿಸುತ್ತವೆ. ಅದು ಒಬ್ಬ ವ್ಯಕ್ತಿಗೆ ಸಂದ ಭೂಮಿ, ಒಂದು ಕೆಲಸದ ಸಲುವಾಗಿ ಸಂದ ಭೂಮಿ. ಎರಡು ಉಪಸರ್ಗಗಳೂ ಬೇಕು, ತಮ್ಮತಮ್ಮ ಸ್ಥಾನದಲ್ಲಿ. ನೆತ್ತರುಗೊಡಗೆಯೆಂದರೆ ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ, ಅವನು ಸುರಿಸಿದ ನೆತ್ತರಿಗೆ ಬದಲಾಗಿ ಕೊಟ್ಟ ಮಾನ್ಯ. ‘ಮನೆಯವರಿಗೆ’ ಎಂಬಲ್ಲಿ ‘ಟು’, ‘ನೆತ್ತರಿಗೆ’ ಎಂಬಲ್ಲಿ ‘ಫಾರ್’. ವೀರಗಲ್ಲುಗಳ ವಿಷಯ ಬರೆಯುವಾಗಲೂ, ಊರಿಗಾಗಿ ಸತ್ತವನಿಗೆ ‘ಫಾರ್’, ಊರಳಿವಿನಲ್ಲಿ ಸತ್ತವನಿಗೆ ‘ಇನ್’, ರೋಗದಿಂದ ಸತ್ತವನಿಗೆ ‘ಆಫ್’ ಎಂಬ ಭೇದವನ್ನು ಮರೆಯಬಾರದು.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಭೇದವೆಂದು ಎಣಿಸುವುದು ಸರಿಯಲ್ಲ. ಮೈಸೂರು ಸಂಸ್ಥಾನದಲ್ಲಿ ಇನಾಮುಗಳನ್ನು ರದ್ದುಪಡಿಸುವಾಗ ವ್ಯಕ್ತಿಗತ ಮತ್ತು ಇತರ ಇನಾಮುಗಳಿಗೆ 1954 ರಲ್ಲಿ ಒಂದು ಶಾಸನವನ್ನೂ, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳಿಗೆ 1955 ರಲ್ಲಿ ಇನ್ನೊಂದು ಶಾಸನವನ್ನೂ ಮಾಡಲಾಯಿತು. ಭೂಮಿ ಅರ್ಚಕನಿಗೆ ಸ್ವಂತವಾಗಿ ಸಂದುದೇ, ಇಲ್ಲವೆ ಅರ್ಚನೆಯ ಸಲುವಾಗಿ ದೇವರಿಗೆ ಸಂದುದೇ ಎಂಬುದು ಆ ವಿಂಗಡಣೆಯ ಮೂಲದಲ್ಲಿರುವ ಪ್ರಶ್ನೆ. ‘ಟು’ ಮತ್ತು ‘ಫಾರ್’ ಇವುಗಳ ಅಂತರವೂ ಅಲ್ಲಿಯೇ ಇದೆ. ಹಳೆಯ ದಾನಪತ್ರವನ್ನು ಇಂಗ್ಲಿಷಿಗೆ ತಿರುಗಿಸುವವನು ಈ ಪದಗಳನ್ನು ಕಿವಿಗೆ ಹಿತವಾದಂತೆ ಬದಲಾಯಿಸಲು ಹಕ್ಕುಳ್ಳವನಲ್ಲ.

ಇದೇ ಕಾಲದ ಒಂದು ಉದಾಹರಣೆಯನ್ನು ಪಾವಗಡದಿಂದ ತೆಗೆದುಕೊಳ್ಳಬಹುದು. ನಾಗಲಮಡಿಕೆ ಹೋಬಳಿಯ ತಿರುಮಣಿ ಮೊದಲಾದ ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ ಸೌರವಿದ್ಯುತ್ ಸ್ಥಾವರ ನಿಂತಿದೆ. 2018 ರಲ್ಲಿ ಅದು ಪ್ರಾರಂಭವಾಯಿತು. ಆ ಭೂಮಿಯನ್ನು ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಇಂಗ್ಲಿಷಿನ ‘ಲೀಸ್’ ಎಂಬ ಕ್ರಿಯಾಪದಕ್ಕೆ ಕೊಡುವುದು, ಪಡೆಯುವುದು ಎಂಬ ಎರಡು ಅರ್ಥಗಳೂ ಉಂಟು. ಅದರ ಮುಂದೆ ‘ಫ್ರಂ’ ಬಂದರೆ ಅಲ್ಲಿ ಹೆಸರಿಸಿದವನು ಒಡೆಯ. ‘ಟು’ ಬಂದರೆ ಅವನು ಗೇಣಿದಾರ. ರೈತನು ಒಡೆಯನಾಗಿ ಉಳಿದಿರುವನೋ ಇಲ್ಲವೋ ಎಂಬುದನ್ನು ಓದುಗನು ಆ ಒಂದು ಪದದಿಂದಲೇ ತಿಳಿಯಬೇಕು.

5. ‘ಅಲ್ಲಿ’: ‘ಇನ್’, ‘ಅಟ್’, ‘ಆನ್’; ಇವುಗಳೊಡನೆ ‘ಆಫ್’

ಸಪ್ತಮಿಯ ಮೂರು ಉಪಸರ್ಗಗಳನ್ನು ಮಧುಗಿರಿಯೊಂದರಿಂದಲೇ ವಿವರಿಸಬಹುದು. ಏಕಶಿಲೆಯ ಬೆಟ್ಟದ ಮೇಲ್ಮೈಯನ್ನು ಕುರಿತು ಹೇಳುವಾಗ ಕೋಟೆಗೆ ‘ಆನ್’ ಸಲ್ಲುತ್ತದೆ. ಊರನ್ನು ಒಂದು ನೆಲೆಯೆಂದು, ನಕ್ಷೆಯ ಒಂದು ಬಿಂದುವೆಂದು ಎಣಿಸಿದಾಗ ‘ಅಟ್’ ಸಲ್ಲುತ್ತದೆ. ಎಲ್ಲೆಯುಳ್ಳ ಪ್ರದೇಶವೆಂದು ಎಣಿಸಿದಾಗ, ಉದಾಹರಣೆಗೆ ತಾಲ್ಲೂಕನ್ನು ಹೇಳುವಾಗ, ‘ಇನ್’ ಸಲ್ಲುತ್ತದೆ. ದೊಡ್ಡ ಊರಿಗೆ ‘ಇನ್’, ಚಿಕ್ಕ ಊರಿಗೆ ‘ಅಟ್’ ಎಂದು ಶಾಲೆಯಲ್ಲಿ ಕಲಿಸುವ ಸೂತ್ರವು ಪ್ರಾರಂಭಕ್ಕೆ ಸಾಕು. ಇತಿಹಾಸದ ವಿದ್ಯಾರ್ಥಿಗೆ ಅದು ಸಾಲದು. ಬಿಂದುವೋ ಪ್ರದೇಶವೋ ಎಂಬ ಪ್ರಶ್ನೆಯೇ ಅವನಿಗೆ ಮುಖ್ಯ.

ಶಿರಾ ಎಂಬ ಹೆಸರಿಗೆ 1687 ರಿಂದ ಮುಂದೆ ಎರಡು ಅರ್ಥಗಳಿದ್ದವು. ಒಂದು ಊರು, ಇನ್ನೊಂದು ಆ ಊರನ್ನು ರಾಜಧಾನಿಯಾಗಿ ಉಳ್ಳ ಮೊಗಲರ ಸುಬಾ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಆ ಸುಬಾಕ್ಕೆ ಸೇರಿದ್ದವು. ಮಲಿಕ್ ರಿಹಾನನ 1651 ರ ಗೋರಿಯೂ 1696 ರ ಜುಮ್ಮಾ ಮಸೀದಿಯೂ ಊರಿನಲ್ಲಿವೆ, ಅವಕ್ಕೆ ‘ಅಟ್’. ಕೋಲಾರವು ಸುಬಾದಲ್ಲಿತ್ತು, ಅದಕ್ಕೆ ‘ಇನ್’. ‘ಕೋಲಾರವು ಶಿರಾದಲ್ಲಿತ್ತು’ ಎಂದು ಕನ್ನಡದಲ್ಲಿ ಅವಸರದಿಂದ ಬರೆದುದನ್ನು ‘ಅಟ್’ ಎಂದು ತಿರುಗಿಸಿದರೆ ಅದು ಅಸಂಬದ್ಧವಾಗುತ್ತದೆ.

‘ಆಫ್’ ಇನ್ನೂ ಜಾಣ ಪದ. ಅದು ಸಂಬಂಧವನ್ನು ಹೇಳುತ್ತದೆ, ಇರವನ್ನು ಹೇಳುವುದಿಲ್ಲ. 1761 ರಲ್ಲಿ ಬಸಾಲತ್ ಜಂಗನು ಹೈದರನಿಗೆ ಶಿರಾದ ನವಾಬನೆಂಬ ಪದವಿಯನ್ನು ಕೊಟ್ಟನು. ಆ ಮಾತುಕತೆ ನಡೆದುದು ಹೊಸಕೋಟೆಯ ಮುತ್ತಿಗೆಯ ಸಂದರ್ಭದಲ್ಲಿ. ವಿಲ್ಕ್ಸನ ನಿರೂಪಣೆಯಂತೆ ಶಿರಾವನ್ನು ಇನ್ನೂ ಗೆಲ್ಲಬೇಕಾಗಿತ್ತು. ಆದಕಾರಣ ಹೈದರನು ಆ ಗಳಿಗೆಯಲ್ಲಿ ಶಿರಾ ‘ಆಫ್’ ನವಾಬನೇ ಹೊರತು ಶಿರಾ ‘ಅಟ್’ ನವಾಬನಲ್ಲ. ಇದಕ್ಕಿಂತ ಹಳೆಯ ನಿದರ್ಶನ ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿದೆ. ಅಲ್ಲಿನ ಚೋಳರು ತಮ್ಮನ್ನು ಒರೆಯೂರ ಅಧೀಶ್ವರರೆಂದು ಹೇಳಿಕೊಂಡರು. ಒರೆಯೂರು ತಮಿಳುನಾಡಿನ ಚೋಳರ ಪ್ರಾಚೀನ ರಾಜಧಾನಿ. ಬಿರುದಿಗೆ ‘ಆಫ್’ ಸರಿ. ಅವರು ಆಳಿದುದು ನಿಡುಗಲ್ಲಿನಲ್ಲಿ, ಅಲ್ಲಿಗೆ ‘ಅಟ್’. ಬಿರುದಿನ ‘ಆಫ್’ ಅನ್ನು ‘ಅಟ್’ ಎಂದು ಓದಿದವನು ಈ ಅರಸರನ್ನು ಕಾವೇರಿಯ ದಡದಲ್ಲಿ ಆಳಿಸಿಬಿಡುತ್ತಾನೆ.

‘ಇನ್’ ಪದಕ್ಕೆ ಇರುವ ಇನ್ನೊಂದು ಗುಣವನ್ನು ಕೊರಟಗೆರೆಯು ತೋರಿಸಿಕೊಡುತ್ತದೆ. ರೈಸ್ ಅವರ 1904 ರ ಸಂಪುಟದಲ್ಲಿ ಕೊರಟಗೆರೆ ಪ್ರತ್ಯೇಕ ತಾಲ್ಲೂಕಾಗಿ ಬರುವುದಿಲ್ಲ. ಆ ಕಾಲಕ್ಕೆ ಅದು ಮದ್ದಗಿರಿ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕು. ಆ ಗ್ರಂಥದಲ್ಲಿ ಮದ್ದಗಿರಿ ತಾಲ್ಲೂಕಿನಲ್ಲಿರುವುದೆಂದು ಹೇಳಿದ ಶಾಸನ ಇಂದು ಕೊರಟಗೆರೆ ತಾಲ್ಲೂಕಿನ ಗ್ರಾಮದಲ್ಲಿರಬಹುದು. ಗ್ರಾಮದ ಹೆಸರಿನ ಹಿಂದಿನ ‘ಅಟ್’ ಎಂದಿಗೂ ಹಳೆಯದಾಗದು, ಕಲ್ಲು ನಿಂತಲ್ಲಿಯೇ ನಿಂತಿದೆ. ತಾಲ್ಲೂಕಿನ ಹೆಸರಿನ ಹಿಂದಿನ ‘ಇನ್’ ಆಡಳಿತದ ಎಲ್ಲೆಯನ್ನು ಅವಲಂಬಿಸಿರುವುದರಿಂದ ಹಳೆಯದಾಗುತ್ತದೆ. ಆದಕಾರಣ ‘ಇನ್’ ಬರೆದಾಗಲೆಲ್ಲ ಯಾವ ವರ್ಷದ ಎಲ್ಲೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

6. ‘ವಿತ್’, ‘ಬಿಟ್ವೀನ್’, ‘ಅಮಂಗ್’, ‘ಅಂಡರ್’

‘ಒಡನೆ’ ಎಂಬ ಕನ್ನಡ ಪದಕ್ಕೂ ‘ವಿತ್’ ಎಂಬ ಇಂಗ್ಲಿಷ್ ಪದಕ್ಕೂ ಒಂದೇ ದೋಷವಿದೆ: ಜೊತೆಗಾರನನ್ನೂ ಎದುರಾಳಿಯನ್ನೂ ಎರಡೂ ಸೂಚಿಸುತ್ತವೆ. ಹೈದರನು ಬಸಾಲತ್ ಜಂಗನೊಡನೆ ಸೇರಿ ಕಾದಿದನು; ಮರಾಠರೊಡನೆಯೂ ಕಾದಿದನು. ಮೊದಲನೆಯದಕ್ಕೆ ‘ವಿತ್’ ಇರಲಿ, ಎರಡನೆಯದಕ್ಕೆ ‘ಅಗೇನ್‌ಸ್ಟ್’ ಎಂದು ಬರೆಯುವುದು ಕ್ಷೇಮ.

‘ನಡುವೆ’ ಎಂಬುದಕ್ಕೆ ಇಬ್ಬರಿದ್ದರೆ ‘ಬಿಟ್ವೀನ್’, ಹೆಚ್ಚು ಮಂದಿಯಿದ್ದರೆ ‘ಅಮಂಗ್’ ಎಂಬ ಸೂತ್ರ ಪ್ರಸಿದ್ಧವಾಗಿದೆ. ಅದು ಅರ್ಧಸತ್ಯ. 1790 ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಈ ಮೂವರ ನಡುವೆ ಟಿಪ್ಪುವಿನ ವಿರುದ್ಧ ಒಪ್ಪಂದವಾಯಿತು. ಪಕ್ಷಗಳು ಮೂರಾದರೂ ಪ್ರತಿಯೊಂದೂ ಬೇರೆಯಾಗಿ ನಿಂತು ಒಪ್ಪಿದುದರಿಂದ ‘ಬಿಟ್ವೀನ್’ ಸರಿ. 1792 ರಲ್ಲಿ ಟಿಪ್ಪುವಿನಿಂದ ಪಡೆದ ಅರ್ಧರಾಜ್ಯವು ಅವರಲ್ಲಿ ಹಂಚಿಹೋಯಿತು. ಒಂದು ಗುಂಪಿನೊಳಗೆ ಹಂಚಿಕೆಯಾದಾಗ ‘ಅಮಂಗ್’. ಅಗ್ರಹಾರದ ವೃತ್ತಿಗಳನ್ನು ಬ್ರಾಹ್ಮಣರಲ್ಲಿ ಹಂಚಿದುದಕ್ಕೂ ಇದೇ ಪದ. ಪಾವಗಡವು ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ. ಅದು ಆಂಧ್ರದ ‘ನಡುವೆ’ ಇದೆಯೆಂದು ನಾವು ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಬಿಟ್ವೀನ್’ ಅಲ್ಲ, ‘ಅಮಂಗ್’ ಅಲ್ಲ, ‘ಇನ್’ ಅಂತೂ ಅಲ್ಲವೇ ಅಲ್ಲ. ಸುತ್ತುವರಿದುದೆಂದು ಹೇಳಿ ‘ಬೈ’ ಬರೆಯಬೇಕು. ಪಾವಗಡದಿಂದ ಮಧುಗಿರಿಗೆ ಬರುವ ರಸ್ತೆ ಆಂಧ್ರದ ನೆಲವನ್ನು ಹಾದುಬರುತ್ತದೆ, ಅದಕ್ಕೆ ‘ಥ್ರೂ’. ಬುಕಾನನ್ ತನ್ನ ಗ್ರಂಥದ ಹೆಸರಿನಲ್ಲಿ ಮದರಾಸಿಗೆ ‘ಫ್ರಂ’ ಎಂಬುದನ್ನೂ, ಮೈಸೂರು, ಕೆನರಾ, ಮಲಬಾರುಗಳಿಗೆ ‘ಥ್ರೂ’ ಎಂಬುದನ್ನೂ ಇಟ್ಟನು. ಶಿರಾ ಮಧುಗಿರಿಗಳನ್ನು ಕುರಿತು ಅವನು ಬರೆದುದು ಹಾದುಹೋದವನ ಕಣ್ಣಿನ ಸಾಕ್ಷ್ಯವೆಂಬುದನ್ನು ಆ ಪದವೇ ನಮಗೆ ತಿಳಿಸುತ್ತದೆ.

‘ಅಂಡರ್’ ಪದವನ್ನು ಬಳಸುವಾಗ ವಿಶೇಷ ಎಚ್ಚರಿಕೆ ಬೇಕು. ಶಾಸನಗಳ ಪ್ರಾರಂಭದಲ್ಲಿ ಇಂಥ ಅರಸನು ರಾಜ್ಯಭಾರ ಮಾಡುತ್ತಿರಲು ಎಂಬ ಒಕ್ಕಣೆಯಿರುತ್ತದೆ. ಅದು ಕಾಲವನ್ನು ಹೇಳುತ್ತದೆ. ‘ಡ್ಯೂರಿಂಗ್’ ಎಂದರೆ ಸಾಕು. ‘ಅಂಡರ್’ ಎಂದರೆ ಅಧೀನತೆಯನ್ನು ಸಾರಿದಂತಾಯಿತು. ನಿಡುಗಲ್ಲಿನ ಚೋಳರು ಕಲ್ಯಾಣದ ಚಾಲುಕ್ಯರ ಸಾರ್ವಭೌಮತ್ವವನ್ನು ಒಪ್ಪಿದ್ದರು, ಅಲ್ಲಿ ‘ಅಂಡರ್’ ಸಲ್ಲುತ್ತದೆ. ಹೊಯ್ಸಳರೊಡನೆ ಅವರ ಸಂಬಂಧ ಬಹುಕಾಲ ಹೋರಾಟದ್ದು; ಇರುಂಗೋಳನ ಮೇಲೆ ಪಡೆದ ಜಯವನ್ನು ಹೊಯ್ಸಳರ ಶಾಸನಗಳು ಹೊಗಳಿಕೊಳ್ಳುತ್ತವೆ. ಅಲ್ಲಿ ‘ಅಂಡರ್’ ಬರೆಯಲು ಬೇರೆ ಆಧಾರ ಬೇಕು. ಮದ್ದಗಿರಿಯ ರಾಮಗೌಡ ತಿಮ್ಮಗೌಡರನ್ನು 1678 ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಸೆರೆಹಿಡಿದ ಮೇಲೆ ಆ ಸೀಮೆ ಮೈಸೂರಿನ ‘ಅಂಡರ್’ ಆಯಿತು. ಅದಕ್ಕೆ ಮುಂಚೆ ಆ ಪದ ಮೈಸೂರಿಗೆ ಸಲ್ಲದು.

7. ಕಾಲವಾಚಕಗಳು

ಕಾಲದ ವಿಷಯದಲ್ಲಿ ಗೊಂದಲ ಹುಟ್ಟುವುದು ಮತ್ತೆ ‘ಇಂದ’ ಪ್ರತ್ಯಯದಿಂದಲೇ. ಪ್ರಾರಂಭವಾಗಿ ಈ ಹೊತ್ತಿನವರೆಗೆ ನಡೆದುಬಂದಿರುವುದಕ್ಕೆ ‘ಸಿನ್ಸ್’. ಪ್ರಾರಂಭವಾಗಿ ಮುಗಿದುಹೋದುದಕ್ಕೆ ‘ಫ್ರಂ’ ಮತ್ತು ‘ಟು’. ಎಷ್ಟು ಕಾಲವೆಂಬುದಕ್ಕೆ ‘ಫಾರ್’. ತುಮಕೂರು ವಿಶ್ವವಿದ್ಯಾನಿಲಯ 2004 ರಿಂದ ಕೆಲಸಮಾಡುತ್ತಿದೆ, ಅಲ್ಲಿ ‘ಸಿನ್ಸ್’. ಶಿರಾ 1687 ರಿಂದ 1757 ರ ವರೆಗೆ ಮೊಗಲರ ಸುಬಾದ ರಾಜಧಾನಿಯಾಗಿತ್ತು, ಅಲ್ಲಿ ‘ಫ್ರಂ’ ಮತ್ತು ‘ಟು’; ಎಪ್ಪತ್ತು ವರ್ಷಗಳ ಕಾಲ ಎಂದರೆ ‘ಫಾರ್’. ವರ್ಷಕ್ಕೆ ‘ಇನ್’, ತಿಥಿವಾರಗಳಿಗೆ ‘ಆನ್’. ಶಕ 1600 ಎಂಬುದು ಕ್ರಿ. ಶ. 1678-79 ಕ್ಕೆ ಸಮನಾಗುವುದರಿಂದ, ಶಾಸನದಲ್ಲಿ ತಿಥಿಯಿಲ್ಲದಿದ್ದರೆ ಒಂದೇ ಕ್ರಿಸ್ತವರ್ಷಕ್ಕೆ ‘ಇನ್’ ಹಾಕುವ ಮೊದಲು ಎರಡೂ ವರ್ಷಗಳನ್ನು ಬರೆಯುವುದು ಲೇಸು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಉಪಸರ್ಗವನ್ನು ಪ್ರತ್ಯಯ ನೋಡಿ ಆರಿಸಲಾಗುವುದಿಲ್ಲ, ಸಂಗತಿಯನ್ನು ನೋಡಿ ಆರಿಸಬೇಕು. ಬರೆಯುವ ಮುನ್ನ ವಿದ್ಯಾರ್ಥಿಯು ತನ್ನನ್ನೇ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ‘ಇಂದ’ ಎಂಬಲ್ಲಿ ಮಾಡಿದವನೋ, ಕಳೆದುಕೊಂಡವನೋ? ‘ಗೆ’ ಎಂಬಲ್ಲಿ ಪಡೆದವನೋ, ಉದ್ದೇಶವೋ? ‘ಅಲ್ಲಿ’ ಎಂಬಲ್ಲಿ ನೆಲೆಯೋ, ಎಲ್ಲೆಯೊಳಗಣ ಪ್ರದೇಶವೋ? ‘ಆಳ್ವಿಕೆಯಲ್ಲಿ’ ಎಂಬಲ್ಲಿ ಕಾಲವೋ, ಅಧೀನತೆಯೋ? ಈ ಪ್ರಶ್ನೆಗಳಿಗೆ ಉತ್ತರ ವ್ಯಾಕರಣದಲ್ಲಿಲ್ಲ, ಆಧಾರಗ್ರಂಥದಲ್ಲಿದೆ. ಉತ್ತರ ತಿಳಿಯದಿದ್ದಲ್ಲಿ ವಿದ್ಯಾರ್ಥಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ, ಆ ಸಂಗತಿಯೇ ಅವನಿಗೆ ತಿಳಿದಿಲ್ಲವೆಂದರ್ಥ.

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಿಗೆ ಬರುವ ಬಹುಮಂದಿ ವಿದ್ಯಾರ್ಥಿಗಳು ಕನ್ನಡದಲ್ಲಿ ಓದಿಬಂದವರು. ಪಾವಗಡದಲ್ಲಿ ಮನೆಮಾತು ತೆಲುಗಾಗಿರುವವರೂ ಅನೇಕರು. ಅವರಿಗೆ ಶಾಸನದ ಮೂಲವು ಇಂಗ್ಲಿಷ್ ಅನುವಾದಕ್ಕಿಂತ ಹತ್ತಿರದ್ದು. ಇದನ್ನು ಕೊರತೆಯೆಂದು ಎಣಿಸದೆ ಅನುಕೂಲವೆಂದು ಬಳಸಿಕೊಳ್ಳಬಹುದು. ರೈಸ್ ಅವರ ಸಂಪುಟದಲ್ಲಿ ಮೂಲಪಾಠವೂ ಅನುವಾದವೂ ಎರಡೂ ದೊರೆಯುತ್ತವೆ. ತಮ್ಮ ಊರಿನ ಒಂದು ಶಾಸನವನ್ನು ಆರಿಸಿ, ಮೂಲದ ಪ್ರತಿಯೊಂದು ವಿಭಕ್ತಿಗೆ ಅನುವಾದಕರು ಯಾವ ಉಪಸರ್ಗವನ್ನು ಕೊಟ್ಟಿದ್ದಾರೆ, ಏಕೆ ಕೊಟ್ಟಿದ್ದಾರೆ ಎಂದು ತರಗತಿಯಲ್ಲಿ ವಿಚಾರಿಸಿದರೆ ಇಂಗ್ಲಿಷಿನ ಪಾಠವೂ ಇತಿಹಾಸದ ಪಾಠವೂ ಒಂದೇ ಗಂಟೆಯಲ್ಲಿ ಆಗುತ್ತವೆ. ಇತಿಹಾಸದ ಅಧ್ಯಾಪಕರು ಈ ಕೆಲಸವನ್ನು ಇಂಗ್ಲಿಷ್ ಅಧ್ಯಾಪಕರಿಗೆ ಬಿಟ್ಟುಕೊಡದೆ ತಾವೇ ಕೈಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.